ಕದ್ದು ಹಾಕಿದ ಉಪ್ಪು

ರಾತ್ರಿ ಎರಡು ಗಂಟೆಯ ಹೊತ್ತಿಗೆ ಮಹಡಿಯ ಕೋಣೆಯಿಂದ "ಅಮ್ಮಾ" ಎಂಬ ಕೂಗು ಕೇಳಿಸಿತು. ಇಪ್ಪತ್ತೆಂಟು ವರ್ಷದ ಗಂಡುಮಗ ಹಾಗೆ ಕೂಗಿದ್ದನ್ನು ಕೇಳಿ ಎಷ್ಟೋ ವರ್ಷಗಳಾಗಿದ್ದವು. ಸೆರಗು ಸರಿಮಾಡಿಕೊಳ್ಳುತ್ತಲೇ ಮೆಟ್ಟಿಲು ಹತ್ತಿದೆ. ಅವನು ಹಾಸಿಗೆಯ ಮೇಲೆ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ಹಲ್ಲು ಕಚ್ಚಿಕೊಂಡು ಕುಳಿತಿದ್ದ. ಮೀನಖಂಡ ಕಲ್ಲಿನಂತೆ ಗಂಟು ಕಟ್ಟಿತ್ತು. ನಾನು ಅವನ ಪಾದ ಹಿಡಿದು ಬೆರಳುಗಳನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಒತ್ತಿ ಹಿಡಿದೆ. ಬಸುರಿಯಾಗಿದ್ದಾಗ ನನಗೂ ಹೀಗೇ ಕಾಲು ಹಿಡಿದುಕೊಳ್ಳುತ್ತಿತ್ತು. ನನ್ನ ತಾಯಿ ಹೀಗೇ ಮಾಡುತ್ತಿದ್ದರು. ಆಗ ಹೊಟ್ಟೆಯಲ್ಲಿದ್ದವನು ಇವನೇ.

ಎರಡು ಮೂರು ನಿಮಿಷದಲ್ಲಿ ಗಂಟು ಸಡಿಲವಾಯಿತು. ಅವನು ಉಸಿರು ಬಿಟ್ಟ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ಗಾಬರಿಯಿತ್ತು, ನಿಜ. ಆದರೆ ಗಾಬರಿಯ ಹಿಂದೆಯೇ ಒಂದು ಸಣ್ಣ ತೃಪ್ತಿಯೂ ಇತ್ತು. "ನಾನು ಬಡಕೊಂಡಿರಲಿಲ್ಲವೆ?" ಎಂಬ ತೃಪ್ತಿ. ಹೆತ್ತ ಮಗ ನೋವಿನಿಂದ ಒದ್ದಾಡುವಾಗ ತಾಯಿಗೆ ಅಂಥದೊಂದು ಭಾವ ಬರುತ್ತದೆಯೇ ಎಂದು ನೀವು ಕೇಳಬಹುದು. ಬರುತ್ತದೆ. ನನಗೆ ಬಂತು.

ವಿಷಯ ಇಷ್ಟು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗ 2023ರ ಬೇಸಿಗೆಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಅನುಮತಿ ಪಡೆದು ಮಂಡ್ಯಕ್ಕೆ ಬಂದ. ತೂಕ 94 ಕೆ.ಜಿ. ಮುಟ್ಟಿತ್ತು. ಬಂದವನೇ ಒಂದು ಹೊಸ ವ್ರತ ಹಿಡಿದ. ಅನ್ನ ಬೇಡ, ಮುದ್ದೆ ಬೇಡ, ಸೊಪ್ಪು ತರಕಾರಿ ಬೇಡ, ಹಣ್ಣು ಬೇಡ, ಹಾಲೂ ಬೇಡ. ಬರೀ ಮಾಂಸ, ಮೊಟ್ಟೆ, ಮೀನು ಮತ್ತು ನೀರು. ನಾವು ಬಾಡು ತಿನ್ನುವ ಜನವೇ. ಮಾಂಸದ ಮೇಲೆ ನನಗೇನೂ ಮುನಿಸಿಲ್ಲ. ಆದರೆ ನಮ್ಮ ಕಡೆ ಬಾಡು ಎಂದರೆ ಅದರ ಪಕ್ಕದಲ್ಲಿ ಮುದ್ದೆ ಇರಬೇಕು, ಸಾರಿಗೆ ಕೊತ್ತಂಬರಿ, ಚೆಕ್ಕೆ ಲವಂಗ, ತೆಂಗಿನಕಾಯಿ ಬೀಳಬೇಕು. ಮುದ್ದೆಯಿಲ್ಲದ ಬಾಡನ್ನು ಒಬ್ಬನೇ ಕುಳಿತು, ದಿನಕ್ಕೆರಡು ಹೊತ್ತು, ಔಷಧಿಯಂತೆ ತಿನ್ನುವುದನ್ನು ನಾನು ಕಂಡಿರಲಿಲ್ಲ. ಅದರ ಮೇಲೆ ಇನ್ನೊಂದು ಕಟ್ಟಳೆ, ಉಪ್ಪೂ ಬೇಡ! ಉಪ್ಸಾರು ಉಂಡು ಬೆಳೆದ ಊರಿನ ಹುಡುಗ ಉಪ್ಪು ಬೇಡ ಎಂದರೆ ಏನೆನ್ನಬೇಕು?

"ಎಸ್ಕಿಮೋಗಳು ಉಪ್ಪು ತಿಂತಿರಲಿಲ್ಲ ಕಣಮ್ಮ" ಎಂದ. ನನಗೆ ಸಿಟ್ಟು ಬಂದರೂ ಪಾಠ ಮಾಡುವ ಚಪಲ ಬಿಡಬೇಕಲ್ಲ, ಅವನು ಓದುತ್ತಿದ್ದುದನ್ನು ನಾನೂ ಓದಿದೆ. ಕೆನಡಾದಲ್ಲಿ ಹುಟ್ಟಿದ ವಿಲ್ಯಾಲ್ಮರ್ ಸ್ಟೆಫಾನ್ಸನ್ ಎಂಬ ಅನ್ವೇಷಕ ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರ ನಡುವೆ ವರ್ಷಗಟ್ಟಲೆ ಇದ್ದು ಅವರಂತೆಯೇ ಮೀನು ಮಾಂಸ ತಿಂದು ಬದುಕಿದವನು. ಆ ಜನರಿಗೆ ಉಪ್ಪಿನ ರುಚಿ ಸೇರುತ್ತಿರಲಿಲ್ಲ ಎಂದು ಬರೆದವನೂ ಅವನೇ. ಊರಿಗೆ ಹಿಂದಿರುಗಿ ಹೇಳಿದಾಗ ಯಾರೂ ನಂಬಲಿಲ್ಲ. ಆಗ 1928ರಲ್ಲಿ ಅವನೂ ಅವನ ಜೊತೆಗಾರ ಆಂಡರ್ಸನ್ನೂ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ಕಣ್ಗಾವಲಿನಲ್ಲಿ ಒಂದು ವರ್ಷ ಮಾಂಸವನ್ನಷ್ಟೇ ತಿಂದು ತೋರಿಸಿದರು. ಇಬ್ಬರೂ ಚೆನ್ನಾಗಿಯೇ ಇದ್ದರು. ಮೊದಮೊದಲು ಸ್ಟೆಫಾನ್ಸನ್ನನಿಗೆ ಕೊಬ್ಬು ತೆಗೆದ ಬರೀ ಕೆಂಪು ಮಾಂಸ ಕೊಟ್ಟಾಗ ಅವನ ಹೊಟ್ಟೆ ಕೆಟ್ಟಿತು, ಕೊಬ್ಬು ಸೇರಿಸಿದ ಮೇಲೆ ಸರಿಹೋಯಿತು. ಇಷ್ಟು ಓದಿದ ಮೇಲೆ "ಇದು ಹುಚ್ಚು" ಎಂಬ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಮನಸ್ಸಿನಲ್ಲಿ ಮಾತ್ರ. ಬಾಯಲ್ಲಿ ಹೇಳಲಿಲ್ಲ.

ಆದರೆ ಆ ಧ್ರುವದ ಜನ ತಿನ್ನುತ್ತಿದ್ದುದು ನಮ್ಮ ಮಗ ತಿನ್ನುವಂಥ ಮಾಂಸವಲ್ಲ. ಸೀಲಿನ ರಕ್ತದ ಸಾರು ಕುಡಿಯುತ್ತಿದ್ದರು, ಕರುಳು ಗುಂಡಿಗೆ ಬಿಡುತ್ತಿರಲಿಲ್ಲ, ಸಿಕ್ಕಾಗ ಕಾಡುಹಣ್ಣು, ಕಡಲಪಾಚಿಯನ್ನೂ ತಿನ್ನುತ್ತಿದ್ದರು. ರಕ್ತವೇ ಉಪ್ಪುಪ್ಪು ಎಂಬುದು ಬೆರಳು ಕೊಯ್ದುಕೊಂಡು ಬಾಯಿಗಿಟ್ಟುಕೊಂಡ ಯಾವ ಹೆಂಗಸಿಗೂ ಗೊತ್ತು. ನಮ್ಮವನು ಮಾಡುತ್ತಿದ್ದುದೇನು? ಕುಕ್ಕರಿನಲ್ಲಿ ಮಾಂಸ ಬೇಯಿಸಿ, ತುಂಡುಗಳನ್ನು ತಟ್ಟೆಗೆ ಹಾಕಿಕೊಂಡು, ಬೆಂದ ರಸವನ್ನು ಸಿಂಕಿಗೆ ಸುರಿಯುತ್ತಿದ್ದ. ನನ್ನ ಹೊಟ್ಟೆ ಉರಿಯುತ್ತಿತ್ತು. ಬಾಣಂತಿಗೆ, ಮೂಳೆ ಮುರಿದವರಿಗೆ ನಾವು ಕೊಡುವುದೇ ಆ ರಸವನ್ನು, ಕಾಲು ಸೂಪು ಎಂದು ಅರ್ಧ ದಿನ ಕುದಿಸಿ. ಇವನಿಗೆ ಕಾಲೇ ಹಿಡಿದುಕೊಳ್ಳುತ್ತಿದೆ, ಇವನು ಕಾಲು ಸೂಪು ಚೆಲ್ಲುತ್ತಿದ್ದಾನೆ.

ನಮ್ಮವರ ರಕ್ತದೊತ್ತಡ ತೋರಿಸಲು ಹೋದಾಗ ಡಾಕ್ಟರನ್ನು ಮೆಲ್ಲಗೆ ಕೇಳಿದೆ. ಅವರು ನಗಲಿಲ್ಲ, ಬಯ್ಯಲಿಲ್ಲ. ಅನ್ನ ಮುದ್ದೆ ನಿಲ್ಲಿಸಿದಾಗ ದೇಹದಲ್ಲಿ ಇನ್ಸುಲಿನ್ ಇಳಿಯುತ್ತದೆ. ಅದು ಇಳಿದರೆ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಹೊರಗೆ ಹಾಕುತ್ತದೆ. ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಮೊದಲ ವಾರಗಳಲ್ಲಿ ಸರ್ರನೆ ಇಳಿಯುವ ತೂಕದಲ್ಲಿ ಬಹುಪಾಲು ಆ ನೀರೇ. ಹಾಗಾಗಿ ಇಂಥವರಿಗೆ ತಲೆನೋವು, ಸುಸ್ತು, ಕಾಲು ಸೆಳೆತ ಬರುವುದುಂಟು. ಹಾಗೆಂದು ಕಾಲು ಸೆಳೆತಕ್ಕೆಲ್ಲ ಉಪ್ಪೇ ಕಾರಣವೆಂದು ಹೇಳಲಾಗದು, ರಾತ್ರಿ ಮೀನಖಂಡ ಏಕೆ ಹಿಡಿದುಕೊಳ್ಳುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೇ ಪೂರ್ತಿ ಬಗೆಹರಿದಿಲ್ಲ ಎಂದರು. ಮಗನ ಗೆಳೆಯನೊಬ್ಬ ಮೆಗ್ನೀಸಿಯಂ ಮಾತ್ರೆ ತಂದುಕೊಟ್ಟಿದ್ದ. ಅದನ್ನೂ ಕೇಳಿದೆ. ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2020ರ ಒಂದು ಕಾಕ್ರೇನ್ ವಿಮರ್ಶೆಯ ಪ್ರಕಾರ ವಯಸ್ಸಾದವರ ಕಾಲು ಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಕಾಣಿಸಿಲ್ಲವಂತೆ. "ಮಗನನ್ನೇ ಒಂದು ದಿನ ಕರಕೊಂಡು ಬನ್ನಿ, ಬಿ.ಪಿ. ನೋಡಿ ರಕ್ತಪರೀಕ್ಷೆ ಮಾಡಿಸೋಣ" ಎಂದು ಮಾತು ಮುಗಿಸಿದರು.

ನಾನು ಕೇಳಿಸಿಕೊಂಡದ್ದು 'ಉಪ್ಪು' ಎಂಬ ಎರಡಕ್ಷರ ಮಾತ್ರ. ಕರಕೊಂಡು ಬನ್ನಿ ಎಂದದ್ದನ್ನು ಮರೆತೆ.

ಮನೆಗೆ ಬಂದು ಮಗನಿಗೆ ಹೇಳಿದೆ. ರಸ ಚೆಲ್ಲಬೇಡ, ಅದೂ ಮಾಂಸದ್ದೇ ತಾನೆ ಎಂದದ್ದಕ್ಕೆ ಒಪ್ಪಿದ. ಉಪ್ಪಿಗೆ ಮಾತ್ರ ಒಪ್ಪಲಿಲ್ಲ. "ಮೂರು ವಾರ ತಡಕೊಂಡ್ರೆ ಮೈ ಹೊಂದಿಕೊಳ್ಳುತ್ತೆ, ನೀನು ಸುಮ್ನಿರು" ಎಂದ. ಆ ರಾತ್ರಿ ಮತ್ತೆ ಕೂಗಿದ. ಮರುದಿನ ಬೆಳಿಗ್ಗೆ ಕುಕ್ಕರ್ ಒಲೆಯ ಮೇಲಿಡುವಾಗ, ಅವನು ಮಹಡಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಾಗ, ನಾನು ಉಪ್ಪಿನ ಡಬ್ಬಿ ತೆಗೆದೆ. ಮೊದಲ ದಿನ ಒಂದು ಚಿಟಿಕೆ. ಎರಡನೆಯ ದಿನ ಎರಡು. ವಾರ ಕಳೆಯುವಷ್ಟರಲ್ಲಿ ಅರ್ಧ ಚಮಚ. ನಾಲಗೆಗೆ ಗೊತ್ತಾಗದ ಹಾಗೆ ಏರಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅದರ ಉಲ್ಟಾ ವಿದ್ಯೆಯನ್ನು ನಾನು ಆರು ವರ್ಷದಿಂದ ಮಾಡುತ್ತಿದ್ದೆ. ನಮ್ಮವರಿಗೆ ಬಿ.ಪಿ. ಬಂದಾಗ "ಉಪ್ಪು ಕಡಿಮೆ ಮಾಡಿ" ಎಂದು ಡಾಕ್ಟರು ಹೇಳಿದ್ದರು, ಇವರು ಕೇಳಿರಲಿಲ್ಲ. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಅಂದರೆ ಒಂದು ಚಹಾ ಚಮಚದಷ್ಟೂ ಅಲ್ಲ. ನಾನು ಹೇಳದೆ ಕೇಳದೆ ಸಾರಿನಲ್ಲಿ ದಿನದಿನವೂ ಇಷ್ಟಿಷ್ಟೇ ಇಳಿಸುತ್ತ ಬಂದಿದ್ದೆ. ಒಂದೇ ಒಲೆಯ ಮೇಲೆ ಗಂಡನ ಉಪ್ಪನ್ನು ಕದಿಯುತ್ತಿದ್ದೆ, ಮಗನಿಗೆ ಉಪ್ಪನ್ನು ಕದ್ದು ಹಾಕುತ್ತಿದ್ದೆ.

ಮೂರನೆಯ ವಾರಕ್ಕೆ ರಾತ್ರಿಯ ಕೂಗು ನಿಂತಿತು. ನನಗೆ ಆದ ಸಂತೋಷ ಹೇಳತೀರದು. ಶಾಲೆಯ ಸ್ಟಾಫ್ ರೂಮಿನಲ್ಲಿ ಗೆಳತಿಯರಿಗೆ ಗುಟ್ಟಾಗಿ ಹೇಳಿ ನಕ್ಕದ್ದೂ ಆಯಿತು. ಅವರೆಲ್ಲ ತಮ್ಮ ತಮ್ಮ ಕಥೆ ತೆಗೆದರು. ಒಬ್ಬರು ಮಾವನವರ ಮಜ್ಜಿಗೆಯಲ್ಲಿ ಮಾತ್ರೆ ಪುಡಿ ಮಾಡಿ ಹಾಕುತ್ತಾರೆ, ಒಬ್ಬರು ಮಗಳಿಗೆ ಗೊತ್ತಾಗದಂತೆ ದೋಸೆ ಹಿಟ್ಟಿಗೆ ಮೊಳಕೆ ಕಾಳು ರುಬ್ಬುತ್ತಾರೆ. ಅಡುಗೆಮನೆ ಎಂಬುದು ಎಷ್ಟು ದೊಡ್ಡ ಸರ್ಕಾರ ಎಂದು ಆ ದಿನ ಅನ್ನಿಸಿತು. ಕೂಲಿಯಿಲ್ಲದ ಕೆಲಸ, ಹೆಸರಿಲ್ಲದ ಕೆಲಸ ಎಂದು ನಾವೇ ಗೊಣಗುತ್ತೇವೆ. ಆದರೆ ಮನೆಮಂದಿಯ ರಕ್ತದಲ್ಲಿ ಏನು ಎಷ್ಟಿರಬೇಕು ಎಂದು ತೀರ್ಮಾನಿಸುವ ಅಧಿಕಾರ ಯಾವ ಮಂತ್ರಿಗಿದೆ?

ಹೀಗೆ ಬೀಗುತ್ತಿದ್ದಾಗ ಮೈಸೂರಿನಿಂದ ತಂಗಿಯ ಮಗಳ ಫೋನು ಬಂತು. "ದೊಡ್ಡಮ್ಮ, ಅಣ್ಣಂಗೆ ಕಾಲು ಹಿಡ್ಕೊಳ್ಳೋದು ನಿಜವಾಗ್ಲೂ ಮೂರು ವಾರಕ್ಕೆ ನಿಂತುಹೋಯ್ತಾ? ನಂಗೆ ಆರನೇ ವಾರ ಆಯ್ತು. ಬೆಳಿಗ್ಗೆ ಎದ್ದರೆ ತಲೆ ಸುತ್ತುತ್ತೆ. ಉಪ್ಪು ತಿಂದುಬಿಟ್ರೆ ಮೊದಲಿಂದ ಶುರು ಮಾಡ್ಬೇಕು ಅಂತ ತಡಕೊಂಡಿದೀನಿ." ನನ್ನ ಕೈಕಾಲು ತಣ್ಣಗಾದವು. ಅವಳೂ ಅಣ್ಣನನ್ನು ನೋಡಿ ಅದೇ ವ್ರತ ಹಿಡಿದಿದ್ದಳು. "ಇವತ್ತೇ ಉಪ್ಪು ಹಾಕ್ಕೊಂಡು ತಿನ್ನು, ನಾಳೆ ಡಾಕ್ಟರ ಹತ್ರ ಹೋಗು, ಅಣ್ಣನ ಕಥೆ ಆಮೇಲೆ ಹೇಳ್ತೀನಿ" ಎಂದು ಹೇಳಿ ಫೋನಿಟ್ಟೆ.

ಅಂದು ಮಧ್ಯಾಹ್ನ ಮಗನ ಕೋಣೆ ಗುಡಿಸಲು ಹೋದಾಗ ಮೇಜಿನ ಮೇಲೆ ಅವನ ನೋಟ್‌ಬುಕ್ ತೆರೆದಿತ್ತು. ಬೇರೆಯವರ ಬರಹ ಓದಬಾರದು ಎಂದು ಮಕ್ಕಳಿಗೆ ಹೇಳುವವಳು ನಾನೇ. ಓದಿದೆ. ದಿನಾಂಕ, ತಿಂದದ್ದು, ತೂಕ, ನಿದ್ದೆ, ಕಾಲು ಎಂದು ಗೆರೆ ಹಾಕಿ ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದ ಎಂದರೆ, ನನ್ನ ಯಾವ ವಿದ್ಯಾರ್ಥಿಯೂ ಹಾಗೆ ಬರೆದದ್ದಿಲ್ಲ. ಹದಿನೇಳನೆಯ ದಿನದ ಎದುರು ಹೀಗಿತ್ತು: "ನಾಲಗೆ ಸರಿಹೋಗಿದೆ. ಮಾಂಸದ ಸಹಜ ಉಪ್ಪು ಈಗ ತಿಳಿಯುತ್ತಿದೆ." ಇಪ್ಪತ್ತೆರಡನೆಯ ದಿನ: "ಸೆಳೆತ ಇಲ್ಲ. ಉಪ್ಪಿನ ಅಗತ್ಯವಿಲ್ಲ ಎಂದಾಯಿತು."

ಮೊದಲು ನಗು ಬಂತು. ಆಮೇಲೆ ಅಲ್ಲೇ ಮಂಚದ ಮೇಲೆ ಕುಳಿತುಬಿಟ್ಟೆ.

ಮೂವತ್ತು ವರ್ಷ ಮಕ್ಕಳ ಪುಸ್ತಕ ತಿದ್ದಿದ್ದೇನೆ. ತಪ್ಪು ಉತ್ತರದ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆಯೇ ಹೊರತು, ಮಗು ಆಟಕ್ಕೆ ಹೋದಾಗ ಅದರ ಉತ್ತರವನ್ನು ಅಳಿಸಿ ನನ್ನದನ್ನು ಅದರದೇ ಅಕ್ಷರದಲ್ಲಿ ಬರೆದಿಟ್ಟವಳಲ್ಲ. ಇಲ್ಲಿ ಅದನ್ನೇ ಮಾಡಿದ್ದೆ. ಅವನ ಮಾತು ಸರಿಯೋ ತಪ್ಪೋ, ತನ್ನ ಮೈಯನ್ನೇ ಒರೆಗೆ ಹಚ್ಚಿ ತಿಳಿಯಲು ಹೊರಟಿದ್ದ. ನಾನು ಕದ್ದು ಹಾಕಿದ ಉಪ್ಪಿನಿಂದ ಅವನ ಲೆಕ್ಕವೂ ಕೆಟ್ಟಿತು, ನನ್ನದೂ ಕೆಟ್ಟಿತು. ಕಾಲು ಸರಿಹೋದದ್ದು ಉಪ್ಪಿನಿಂದಲೋ, ಚೆಲ್ಲದೆ ಕುಡಿದ ರಸದಿಂದಲೋ, ಅವನು ಹೇಳುವಂತೆ ಮೈ ಹೊಂದಿಕೊಂಡಿತೋ? ಈಗ ಅದನ್ನು ಬಿಡಿಸಿ ಹೇಳುವವರು ಯಾರು? ಉಪ್ಪಿನಿಂದಲೇ ಎಂದು ನಾನು ನಂಬಿದ್ದೇನೆ. ಆದರೆ ನಂಬುವುದು ಬೇರೆ.

ಒಳ್ಳೆಯದಕ್ಕೆ ಹೇಳಿದ ಸುಳ್ಳು ಸುಳ್ಳಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾನೂ ಹೇಳಿದ್ದೇನೆ. ಕಂದನಿಗೆ ಕಷಾಯವನ್ನು ಜೇನು ಎಂದು ಕುಡಿಸದ ತಾಯಿ ಯಾರಿದ್ದಾರೆ? ಆದರೆ ಕಂದನಿಗೂ ಇಪ್ಪತ್ತೆಂಟು ವರ್ಷದ ಮಗನಿಗೂ ನಡುವೆ ಎಲ್ಲೋ ಒಂದು ಕಡೆ ಆ ಹಕ್ಕು ನಮ್ಮ ಕೈಬಿಟ್ಟು ಹೋಗಿರುತ್ತದೆ. ಯಾವ ದಿನ ಹೋಯಿತು ಎಂದು ನಮಗೆ ಯಾರೂ ಬಂದು ಹೇಳುವುದಿಲ್ಲ. ಕೈಯಲ್ಲಿ ಸೌಟು ಮಾತ್ರ ಹಾಗೇ ಇರುತ್ತದೆ. ನಾನು ಶ್ರಾವಣದ ಶನಿವಾರಗಳಂದು ಉಪ್ಪಿಲ್ಲದ ಒಪ್ಪತ್ತು ಮಾಡುವವಳು. ಒಂದೆರಡು ಬಾರಿ ಶಾಲೆಯಲ್ಲಿ ತಲೆ ಸುತ್ತಿ ಕುರ್ಚಿ ಹಿಡಿದುಕೊಂಡದ್ದೂ ಉಂಟು. ಆಗ ನನ್ನ ಮೇಲಿನ ಪ್ರೀತಿಯಿಂದ ಯಾರಾದರೂ ನನ್ನ ಅನ್ನಕ್ಕೆ ಕದ್ದು ಉಪ್ಪು ಬೆರೆಸಿದ್ದರೆ? ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ. ನನ್ನದು ವ್ರತ, ಅವನದು ಹಠ ಎಂದು ಹೇಳಿಕೊಳ್ಳುವುದು ಸುಲಭ. ದೇವರ ಹೆಸರಿದೆ ಎಂಬುದೊಂದನ್ನು ಬಿಟ್ಟರೆ ಏನು ವ್ಯತ್ಯಾಸ ಎಂದು ಆ ಮಧ್ಯಾಹ್ನ ಬಹಳ ಹುಡುಕಿದೆ.

ಇನ್ನೊಂದು ಭಯ ಆಮೇಲೆ ಹುಟ್ಟಿತು. ಅಪ್ಪನಿಗೆ ಬಿ.ಪಿ. ಇದೆ. ಮಗನಿಗೆ ಇಲ್ಲ ಎಂದು ನನಗೆ ಹೇಳಿದವರು ಯಾರು? ಡಾಕ್ಟರು ಕರಕೊಂಡು ಬನ್ನಿ ಎಂದದ್ದು ಇದಕ್ಕೇ ಅಲ್ಲವೆ? ಔಷಧಿ ಎಂದು ನಾನು ದಿನವೂ ಹಾಕಿದ ಅರ್ಧ ಚಮಚ ಅವನ ಪಾಲಿಗೆ ಏನಾಗಿರಬಹುದಿತ್ತು! ಮುಂದೆ ನೋಡಿಸಿದಾಗ ಸರಿಯಾಗಿಯೇ ಇತ್ತು ಎನ್ನಿ. ಅದು ನನ್ನ ಪುಣ್ಯ. ನನ್ನ ಬುದ್ಧಿಯ ಪಾಲು ಅದರಲ್ಲಿ ಏನೂ ಇಲ್ಲ.

ಸಮಾಜ ವಿಜ್ಞಾನದ ಮೇಷ್ಟ್ರಮ್ಮನಾಗಿ 1930ರ ದಂಡಿಯ ಪಾಠವನ್ನೂ, ನಮ್ಮ ಅಂಕೋಲೆಯವರು ಅದೇ ವರ್ಷ ಉಪ್ಪು ತಯಾರಿಸಿ ಕಾನೂನು ಮುರಿದ ಕಥೆಯನ್ನೂ ಪ್ರತಿವರ್ಷ ಹೇಳಿದ್ದೇನೆ. ಅಲ್ಲಿ ಎಲ್ಲರೂ ನೋಡುತ್ತಿರುವಾಗ ಉಪ್ಪು ತೆಗೆದರು, ತೆಗೆದದ್ದನ್ನು ಮುಚ್ಚಿಡಲಿಲ್ಲ. ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ಮಗ ಮೆಟ್ಟಿಲಿಳಿಯುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹಾಕಿದ ನನ್ನ ಉಪ್ಪನ್ನು ಅದರ ಪಕ್ಕದಲ್ಲಿಟ್ಟುಕೊಂಡರೆ ನನಗೇ ನಗು ಬರುತ್ತದೆ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಹೇಳಿದೆ. ಪೀಠಿಕೆ ಹಾಕಲಿಲ್ಲ. "ನಿನ್ನ ಮಾಂಸಕ್ಕೆ ನಾನು ಉಪ್ಪು ಹಾಕ್ತಾ ಇದೀನಿ, ಇವತ್ತಿಗೆ ಹತ್ತೊಂಬತ್ತು ದಿನ" ಎಂದೆ. ಮಗ ತಟ್ಟೆಯನ್ನು ನೋಡಿದ, ನನ್ನನ್ನು ನೋಡಿದ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. "ನಾನು ಎಷ್ಟು ಜನಕ್ಕೆ ಹೇಳಿದೀನಿ ಗೊತ್ತಾಮ್ಮ?" ಎಂದ. ಅದನ್ನು ಅವನು ಎಷ್ಟು ಮೆಲ್ಲಗೆ ಹೇಳಿದನೆಂದರೆ, ಕೂಗಾಡಿದ್ದರೇ ಚೆನ್ನಾಗಿತ್ತು. ತಂಗಿಯ ಮಗಳ ವಿಷಯವನ್ನೂ ಹೇಳಿದೆ. ತಟ್ಟೆ ಬಿಟ್ಟು ಎದ್ದು ಮೇಲೆ ಹೋದ. ಸ್ವಲ್ಪ ಹೊತ್ತಿಗೆ ಅವನು ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳುತ್ತಿರುವುದು ಕೇಳಿಸಿತು. ಮೊದಲ ಫೋನು ಮೈಸೂರಿಗೆ.

ನಮ್ಮವರು ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಮುದ್ದೆ ಮುರಿಯುತ್ತ, "ನನ್ನ ಸಾರಿಗೂ ಹಿಂಗೇ ಏನೋ ಮಾಡ್ತಿದೀಯ ಅಲ್ವಾ?" ಎಂದರು.

"ನಿಮಗೆ ಗೊತ್ತಿತ್ತಾ?"

"ಆರು ವರ್ಷದಿಂದ ಗೊತ್ತು. ಅದಕ್ಕೇ ಸಂಜೆ ವಾಕಿಂಗ್ ಹೋದಾಗ ಎರಡು ಮೆಣಸಿನಕಾಯಿ ಬಜ್ಜಿ ತಿಂದು ಬರ್ತೀನಿ. ಉಪ್ಪು ಉದುರಿಸಿ ಕೊಡು ಅಂತೀನಿ."

ಬಿ.ಪಿ. ಏಕೆ ಇಳಿಯುತ್ತಿಲ್ಲ ಎಂದು ನಾನು ಪ್ರತಿ ಸಲವೂ ಡಾಕ್ಟರ ಮುಂದೆ ಕುಳಿತು ಚಿಂತೆ ಮಾಡುತ್ತಿದ್ದೆ. ಪಕ್ಕದಲ್ಲೇ ಇವರು ಛಾವಣಿ ನೋಡುತ್ತ ಕುಳಿತಿರುತ್ತಿದ್ದರು.

ಮಗ ಎರಡು ದಿನ ನನ್ನ ಕೈಯಡುಗೆ ಮುಟ್ಟಲಿಲ್ಲ. ತಾನೇ ಬೇಯಿಸಿಕೊಂಡ, ಪಾತ್ರೆಯನ್ನೂ ತೊಳೆದಿಟ್ಟ. ಆ ಎರಡು ದಿನ ನನಗೆ ಅಡುಗೆಮನೆಯಲ್ಲಿ ಪರಕೀಯಳಂತೆ ಅನ್ನಿಸಿತು. ಮೂರನೆಯ ದಿನ ಅವನೇ ಕೇಳಿದ, "ಡಾಕ್ಟರು ಎಷ್ಟು ಹಾಕ್ಕೋ ಅಂದ್ರು?" "ನನ್ನನ್ನ ಕೇಳಬೇಡ, ಅವರನ್ನೇ ಕೇಳು" ಎಂದೆ. ಹೋಗಿ ಬಂದ. ರಕ್ತಪರೀಕ್ಷೆಯನ್ನೂ ಮಾಡಿಸಿದ. ನೋಟ್‌ಬುಕ್ಕಿನಲ್ಲಿ ಹತ್ತೊಂಬತ್ತು ದಿನಗಳ ಮೇಲೆ ಅಡ್ಡಗೆರೆ ಎಳೆದು, ಹೊಸ ಪುಟದಲ್ಲಿ 'ಉಪ್ಪು' ಎಂದು ಇನ್ನೊಂದು ಸಾಲು ಸೇರಿಸಿ ಮತ್ತೆ ಒಂದನೆಯ ದಿನದಿಂದ ಶುರು ಮಾಡಿದ್ದಾನೆ ಎಂದು ಅವನೇ ತೋರಿಸಿದ. ಆ ವ್ರತ ಮಾವಿನ ಕಾಲದವರೆಗೆ ನಡೆಯಿತು. ಆಮೇಲೆ ಯಾರೂ ಹೇಳದೆಯೇ ಬಾದಾಮಿ ಮಾವಿನಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಮುಗಿಯಿತು. ಅಷ್ಟರೊಳಗೆ ಕಾಲು ಇನ್ನೂ ಎರಡು ರಾತ್ರಿ ಹಿಡಿದುಕೊಂಡಿತ್ತು, ಉಪ್ಪು ತಿಂದ ದಿನಗಳಲ್ಲೇ. ಏಕೆಂದು ಗೊತ್ತಾಗಲಿಲ್ಲ. ನನ್ನನ್ನು ಕೂಗಲಿಲ್ಲ, ಎದ್ದು ನೆಲಕ್ಕೆ ಪಾದ ಊರಿ ತಾನೇ ಬಿಡಿಸಿಕೊಂಡನಂತೆ.

ಉಪ್ಪಿನ ಡಬ್ಬಿ ಈಗ ಅಡುಗೆಮನೆಯ ಕಪಾಟಿನಲ್ಲಿಲ್ಲ. ಒಂದು ಪಿಂಗಾಣಿ ಕುಡಿಕೆಯಲ್ಲಿ ಊಟದ ಮೇಜಿನ ನಡುವೆ ಇದೆ. ನಾನು ಸಾರನ್ನು ಸಪ್ಪೆಯಾಗಿ ಮಾಡಿ, ಸಪ್ಪೆಯಾಗಿದೆ ಎಂದು ಹೇಳಿಯೇ ಬಡಿಸುತ್ತೇನೆ. ಮೊನ್ನೆ ನಮ್ಮವರು ಕುಡಿಕೆಗೆ ಕೈ ಹಾಕಿದರು. ಎರಡು ಬೆರಳಲ್ಲಿ ತೆಗೆದರು, ನನ್ನ ಮುಖ ನೋಡಿದರು, ಅರ್ಧವನ್ನು ಕುಡಿಕೆಗೇ ಉದುರಿಸಿದರು. ಉಳಿದರ್ಧ ಸಾರಿಗೆ ಬಿತ್ತು. ನನ್ನ ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು ಮಜ್ಜಿಗೆ ತರಲು ಒಳಗೆ ಹೋದೆ.